1992ರ ಅಮೆರಿಕ ಅಧ್ಯಕ್ಷೀಯ ಚುನಾವಣೆ: ಅಭ್ಯರ್ಥಿಗಳ ಪ್ರಾಮಾಣಿಕತೆ ಮತ್ತು ಆರ್ಥಿಕ ತಿಳಿವಳಿಕೆಯನ್ನು ಬೇರೆಬೇರೆಯಾಗಿ ಅಳೆಯುವ ಬಗೆ

1992ರ ಅಕ್ಟೋಬರ್ 15ರಂದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ ನಡೆದ ಚರ್ಚೆಯಲ್ಲಿ, ರಾಷ್ಟ್ರದ ಸಾಲದಿಂದ ನಿಮ್ಮ ಸ್ವಂತ ಬದುಕಿಗೆ ಏನಾಗಿದೆ ಎಂದು ಸಭೆಯಲ್ಲಿದ್ದ ಮಹಿಳೆಯೊಬ್ಬರು ಮೂವರು ಅಭ್ಯರ್ಥಿಗಳನ್ನೂ ಕೇಳಿದರು. ಆಕೆಯ ಮನಸ್ಸಿನಲ್ಲಿದ್ದದ್ದು ಆರ್ಥಿಕ ಹಿಂಜರಿತದ, ಅಂದರೆ ಉತ್ಪಾದನೆಯೂ ಉದ್ಯೋಗವೂ ಕುಸಿಯುವ ಅವಧಿಯ ಸಂಕಟ. ಆಗಿನ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಸಾಲಕ್ಕೂ ಬಡ್ಡಿದರಕ್ಕೂ ಇರುವ ಸಂಬಂಧದಿಂದ ಉತ್ತರ ಆರಂಭಿಸಿದರು. ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್ ಆಕೆಯ ಹತ್ತಿರಕ್ಕೆ ನಡೆದುಬಂದು, ಕೆಲಸ ಕಳೆದುಕೊಂಡವರು ನಿಮಗೆ ಪರಿಚಯವಿದ್ದಾರಲ್ಲವೇ ಎಂದು ವಿಚಾರಿಸಿದರು. ಬುಷ್ ಗಡಿಯಾರ ನೋಡಿಕೊಂಡ ದೃಶ್ಯವೇ ಜನರ ನೆನಪಿನಲ್ಲಿ ಉಳಿಯಿತಾದರೂ, ಅದರಿಂದ ಅವರ ಆರ್ಥಿಕ ತಿಳಿವಳಿಕೆಯನ್ನು ಅಳೆಯುವುದು ಸರಿಯಲ್ಲ.

ನಿಧಾನವಾಗಿ ಓದಬೇಕಾದ ಹಂತ

ಹಿಂಜರಿತ 1991ರ ಮಾರ್ಚ್‌ನಲ್ಲೇ ಮುಗಿದಿತ್ತು. ಆದರೆ ನಿರುದ್ಯೋಗದ ಪ್ರಮಾಣ ಏರುತ್ತಲೇ ಹೋಗಿ 1992ರ ಜೂನ್‌ನಲ್ಲಿ ಶೇ. 7.8ಕ್ಕೆ ಮುಟ್ಟಿತು. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆಂಬುದೇ ಇಲ್ಲಿನ ತೊಡಕು. ಹಿಂಜರಿತವೆಂಬುದು ಚಲನೆಯ ದಿಕ್ಕನ್ನು ಹೇಳುತ್ತದೆಯೇ ಹೊರತು ಮಟ್ಟವನ್ನಲ್ಲ. ಉತ್ಪಾದನೆ 100ರಿಂದ 97ಕ್ಕೆ ಕುಸಿದು ಮತ್ತೆ 97.5ಕ್ಕೆ ಏರತೊಡಗಿತೆಂದು ಭಾವಿಸಿದರೆ, ಏರಿಕೆ ಶುರುವಾದೊಡನೆ ಹಿಂಜರಿತ ಮುಗಿದಂತೆ; ಆದರೂ ಹಿಂದಿನ 100ರ ಮಟ್ಟ ಇನ್ನೂ ದೂರವಿದೆ. ಬೇಡಿಕೆ ಚೇತರಿಸಿದಾಗ ಮಾಲೀಕರು ಮೊದಲು ಇರುವ ಕೆಲಸಗಾರರಿಂದಲೇ ಹೆಚ್ಚು ಗಂಟೆ ದುಡಿಸುತ್ತಾರೆ, ಚೇತರಿಕೆ ಮುಂದುವರಿಯುತ್ತದೆಂಬ ಭರವಸೆ ಮೂಡಿದ ಮೇಲಷ್ಟೇ ಹೊಸಬರನ್ನು ನೇಮಿಸಿಕೊಳ್ಳುತ್ತಾರೆ. ಇದರ ಜೊತೆಗೆ, ಹತಾಶರಾಗಿ ಕೆಲಸ ಹುಡುಕುವುದನ್ನೇ ಬಿಟ್ಟಿದ್ದವರು ಮತ್ತೆ ಹುಡುಕಾಟಕ್ಕೆ ಇಳಿದೊಡನೆ ನಿರುದ್ಯೋಗಿಗಳ ಲೆಕ್ಕಕ್ಕೆ ಸೇರುತ್ತಾರೆ. ಆದ್ದರಿಂದ ಆರ್ಥಿಕತೆ ಬೆಳೆಯುತ್ತಿದೆ ಎಂಬ ಬುಷ್ ಅವರ ಮಾತು ಸತ್ಯವಾಗಿತ್ತು, ಅದನ್ನು ನಂಬದವರ ಅನುಭವವೂ ಸತ್ಯವಾಗಿತ್ತು. ಹಿಂಜರಿತ ಮುಗಿದ ತಿಂಗಳನ್ನು, ಹಿಂಜರಿತಗಳ ಆರಂಭ-ಅಂತ್ಯ ಗುರುತಿಸುವ ರಾಷ್ಟ್ರೀಯ ಆರ್ಥಿಕ ಸಂಶೋಧನಾ ಸಂಸ್ಥೆ ಪ್ರಕಟಿಸಿದ್ದು 1992ರ ಡಿಸೆಂಬರ್‌ನಲ್ಲಿ, ಅಂದರೆ ಬುಷ್ ಸೋತ ಮೇಲೆ.

ತೆರಿಗೆಯ ಮಾತು

ಹೊಸ ತೆರಿಗೆ ಹಾಕುವುದಿಲ್ಲವೆಂದು 1988ರಲ್ಲಿ ಮಾತು ಕೊಟ್ಟ ಬುಷ್, ಬಜೆಟ್ ಕೊರತೆ ತಗ್ಗಿಸಲು 1990ರಲ್ಲಿ ತೆರಿಗೆ ಏರಿಸಲು ಒಪ್ಪಿದರು. ಆರ್ಥಿಕವಾಗಿ ಇದು ವಿವೇಕದ ನಿರ್ಧಾರವೆಂದೇ ನನ್ನ ಅಭಿಪ್ರಾಯ, ಆದರೆ ಅದೇ ಅವರ ವಿಶ್ವಾಸಾರ್ಹತೆಯನ್ನು ಕಸಿಯಿತು. ಮಧ್ಯಮ ವರ್ಗದ ತೆರಿಗೆ ಇಳಿಸುವೆನೆಂದಿದ್ದ ಕ್ಲಿಂಟನ್ ಸಹ ಗೆದ್ದು ಅಧ್ಯಕ್ಷರಾದ ಮೇಲೆ 1993ರಲ್ಲಿ ಅದನ್ನು ಕೈಬಿಟ್ಟರು. ಮೂರನೆಯವರಾದ ಪಕ್ಷೇತರ ಅಭ್ಯರ್ಥಿ ರಾಸ್ ಪೆರೋ ಮಾತ್ರ ಪೆಟ್ರೋಲ್ ತೆರಿಗೆಯನ್ನು ಐದು ವರ್ಷಗಳಲ್ಲಿ ಗ್ಯಾಲನ್‌ಗೆ 50 ಸೆಂಟ್ ಏರಿಸುವೆನೆಂದು ಚುನಾವಣೆಗೆ ಮೊದಲೇ ಹೇಳಿ, ಸುಮಾರು ಶೇ. 19ರಷ್ಟು ಮತ ಪಡೆದರು.