ಹಾಡಿನೊಳಗಿನ ‘ನೀನು’ ಯಾರು?

ಸುಗಮ ಸಂಗೀತ ಕಲಿಸಲು ಶುರುಮಾಡಿ 26 ವರ್ಷವಾಯಿತು. ಅದಕ್ಕೂ ಮೊದಲು ಮದುವೆ ಆರತಕ್ಷತೆಗಳಲ್ಲಿ ಹಾಡುತ್ತಿದ್ದೆ. ಒಂದು ಸಲ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಎತ್ತಿಕೊಂಡೆ. ಮದುಮಗಳು ನಾಚಿಕೊಂಡಳು. ಮದುಮಗನ ಗೆಳೆಯರು ಸಿಳ್ಳೆ ಹೊಡೆದರು. ತಬಲಾದವರೂ ಹುರುಪಿನಲ್ಲಿ ಲಯ ಸ್ವಲ್ಪ ಏರಿಸಿದರು. ಊಟಕ್ಕೆ ಕೂತಾಗ ಧಾರವಾಡ ಕಡೆಯ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: “ಛಲೋ ಹಾಡಿದ್ರಿ. ಆದ್ರ ಅದು ಮದವಿ ಮನ್ಯಾಗ ಹಾಡೂದಲ್ರೀ. ಕೂಸು ಹ್ವಾದಾಗ ಬರದದ್ದು.”

ಎಲೆಯ ಮೇಲಿನ ಹೋಳಿಗೆ ಹಾಗೇ ಉಳಿಯಿತು.

ಮಗು ತೀರಿಕೊಂಡಿದೆ. ಹೆಂಡತಿ ನೋಡುತ್ತಿದ್ದಾಳೆ. ಆ ನೋಟ ಎದುರಿಸಲಾರದ ಗಂಡನ ಮಾತು ಅದು. ಮನೆಗೆ ಬಂದು ಪುಸ್ತಕ ತೆಗೆದೆ. ಚರಣಗಳ ತುಂಬ ದುಃಖವೇ ಇದೆ. ಬೇಂದ್ರೆ ಏನನ್ನೂ ಮುಚ್ಚಿಟ್ಟಿಲ್ಲ. ಅಷ್ಟು ಸಲ ಹಾಡಿದ್ದ ನನಗೇ ಅದು ಕಂಡಿರಲಿಲ್ಲ.

ಇದು ನನ್ನೊಬ್ಬರ ಎಡವಟ್ಟಲ್ಲ ಅಂತ ಆಮೇಲೆ ಪಾಠ ಮಾಡುತ್ತಾ ಗೊತ್ತಾಯಿತು. ನಮ್ಮಲ್ಲಿ ಜಾಸ್ತಿ ಜನ ಹೊತ್ತುಕೊಂಡು ತಿರುಗುವುದು ಪಲ್ಲವಿಯನ್ನು ಮಾತ್ರ. ಮೂರು ಚರಣದ ಹಾಡಿನಲ್ಲಿ ಪಲ್ಲವಿ ಕಡಿಮೆಯೆಂದರೂ ನಾಲ್ಕು ಸಲ ಕಿವಿಗೆ ಬೀಳುತ್ತದೆ, ಚರಣ ಬೀಳುವುದು ಒಂದೊಂದೇ ಸಲ. ಸೊಪ್ಪು ಬಿಡಿಸುತ್ತಾ, ಗಾಡಿ ಓಡಿಸುತ್ತಾ ಗುನುಗುವಾಗ ಬಾಯಿಗೆ ಬರುವುದು ಪಲ್ಲವಿಯೇ. ಅದು ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಆಡುವ ಮಾತಿನ ಹಾಗೆ. ಆ ಕಡೆಯವರು ಏನಂದರು ಅಂತ ನಮಗೆ ಕೇಳಿಸುವುದಿಲ್ಲ. ಉಳಿದರ್ಧವನ್ನು ನಮ್ಮ ಮನೆಯ ಸರಕಿನಿಂದಲೇ ತುಂಬಿಕೊಳ್ಳುತ್ತೇವೆ.

ಇನ್ನೊಂದು ಕಾರಣ ನಮ್ಮ ಭಾಷೆಯಲ್ಲೇ ಇದೆ. ಕನ್ನಡದ ‘ನೀನು’ ಗಂಡೂ ಅಲ್ಲ, ಹೆಣ್ಣೂ ಅಲ್ಲ. ‘ನೀನು ಬಂದೆ’ ಅಂತ ಹೆಂಡತಿಗೂ ಹೇಳಬಹುದು, ಗೆಳೆಯನಿಗೂ ಹೇಳಬಹುದು, ಮಳೆಗೂ ದೇವರಿಗೂ ಹೇಳಬಹುದು. ಹಿಂದಿಯಲ್ಲಿ ‘ನೀನು ಹೋಗುತ್ತೀಯ’ ಅನ್ನಬೇಕಾದರೆ ‘ಜಾತಾ’, ‘ಜಾತೀ’ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಮಗೆ ಆ ಕಟ್ಟುಪಾಡಿಲ್ಲ. ‘ನಾನು’ ಅನ್ನುವುದೂ ಅಷ್ಟೇ. ಈ ಅಂಕಣವನ್ನು ಇಲ್ಲಿವರೆಗೆ ಓದಿದಿರಲ್ಲ, ಬರೆದವರು ಗಂಡಸೋ ಹೆಂಗಸೋ ಹೇಳಿ ನೋಡೋಣ. ನಿಮ್ಮ ತಲೆಯಲ್ಲಿ ಒಂದು ಮುಖ ಆಗಲೇ ಕೂತಿರುತ್ತದೆ, ಅಲ್ವಾ? ನಾನಂತೂ ಕೊಟ್ಟಿಲ್ಲ.

‘ಅವನು ಬಂದ’, ‘ಅವಳು ಬಂದಳು’ ಅಂದ ತಕ್ಷಣ ಹಾಡು ಕಥೆಯಾಗುತ್ತದೆ, ನಾವು ಹೊರಗೆ ನಿಂತು ನೋಡುತ್ತೇವೆ. ‘ನೀನು’ ಅಂದರೆ ಆ ಜಾಗ ಖಾಲಿ. ದಾಸರ ಪದದಲ್ಲೂ ‘ನೀನು’ ಬರುತ್ತದೆ, ಆದರೆ ಕೊನೆಗೆ ‘ಪುರಂದರವಿಠಲ’ ಅಂತ ಅಂಕಿತ ಬೀಳುತ್ತದೆ, ಲಕೋಟೆಯ ಮೇಲೆ ವಿಳಾಸ ಬರೆದ ಹಾಗೆ. ಭಾವಗೀತೆಗೆ ಆ ವಿಳಾಸ ಇರುವುದಿಲ್ಲ. ಯಾರ ಮನೆ ಬಾಗಿಲಿಗೆ ಬೇಕಾದರೂ ಹೋಗುತ್ತದೆ.

ಹೋದ ವರ್ಷ ಆನ್‌ಲೈನ್ ಕ್ಲಾಸಿನಲ್ಲಿ ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ ಕರೆಯಿತೋ ದೂರ ತೀರಕೆ ನಿನ್ನನು’ ಹೇಳಿಕೊಡುತ್ತಿದ್ದೆ. ಅಡಿಗರು 1992ರಲ್ಲಿ ತೀರಿಕೊಂಡರು. ಕವಿತೆಗೆ ಅಮೆರಿಕದಲ್ಲೇ ನೆಲೆಸಿದ ಮನೋಮೂರ್ತಿ ರಾಗ ಹಾಕಿ, ಅದು ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ ಚಿತ್ರದಲ್ಲಿ ಬಂದದ್ದು ಆಮೇಲೆ. ಆವತ್ತಿನಿಂದ ‘ದೂರ ತೀರ’ ಅಂದರೆ ಜನಕ್ಕೆ ಅಮೆರಿಕವೇ. ಮೋಹನ ಮುರಳಿಗೆ ವೀಸಾ ಅಂಟಿಕೊಂಡಿತು. ಇವತ್ತು ಬಹಳ ಜನರ ಎದೆಯಲ್ಲಿರುವ ಅರ್ಥ ಅಡಿಗರ ಕಿವಿಗೆ ಬೀಳಲೇ ಇಲ್ಲ.

ಕಲಿಯುತ್ತಿದ್ದವಳು ಹದಿನೈದು ವರ್ಷದಿಂದ ಅಲ್ಲೇ ಇರುವ ಹುಡುಗಿ. ಆರು ತಿಂಗಳಿಗೆಂದು ಬಂದಿದ್ದ ಅವಳಮ್ಮನೂ ಸ್ಕ್ರೀನಿನ ಮುಂದೆ ಕೂತಿದ್ದರು. ಪಲ್ಲವಿ ಮುಗಿಯುವಷ್ಟರಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ನೋಡಿ, ಈ ಹಾಡು ಬಂದ್ರೆ ಸಾಕು, ನಾನು ಬಿಟ್ಟು ಬಂದೆ ಅಂತ ಅಳ್ತಾರೆ” ಅಂದಳು ಮಗಳು, ಸ್ವಲ್ಪ ತಪ್ಪಿತಸ್ಥ ದನಿಯಲ್ಲಿ. ಅಮ್ಮ ತಲೆ ಅಲ್ಲಾಡಿಸಿದರು. “ನಿನ್ ವಿಷ್ಯ ಅಲ್ಲ ಕಣೇ. ನಿಮ್ಮಪ್ಪಂದು.” ಅಪ್ಪ ಹೋಗಿ ನಾಲ್ಕು ವರ್ಷವಾಗಿತ್ತಂತೆ. ಒಂದೇ ಮನೆ, ಒಂದೇ ಹಾಡು. ಇಷ್ಟು ವರ್ಷ ಅಮ್ಮನ ‘ನಿನ್ನನು’ ತಾನೇ ಅಂದುಕೊಂಡಿದ್ದ ಮಗಳು ಆವತ್ತು ಮತ್ತೆ ಹಾಡಲಿಲ್ಲ. ಕ್ಲಾಸು ಅಲ್ಲಿಗೇ ನಿಲ್ಲಿಸಿದೆವು.

ಮೊದಲೆಲ್ಲ ನಾನು ಅರ್ಥ ಹೇಳಿಯೇ ಹಾಡು ಶುರುಮಾಡುತ್ತಿದ್ದೆ. ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಎತ್ತಿಕೊಂಡು, ಮನೆ ಅಂದರೆ ಈ ದೇಹ, ಸೋರಿಕೆ ಅಂದರೆ ಅಜ್ಞಾನದಿಂದ ಆಗುವ ನಷ್ಟ ಅಂತ ಒಂದು ಭಾಷಣ ಮುಗಿಸಿದ್ದೆ. ಹಾವೇರಿ ಕಡೆಯ ನಿವೃತ್ತ ಮೇಷ್ಟ್ರು ಒಬ್ಬರು ಹಿಂದೆ ಕೂತಿದ್ದರು. “ಅದು ಖರೇ ಅದರೀ. ಆದ್ರ ನಮ್ದು ಮಣ್ಣಿನ ಮಾಳಿಗಿ ಇತ್ತು. ಮಳಿ ಬಂತಂದ್ರ ನಮ್ಮವ್ವ ರಾತ್ರಿಯೆಲ್ಲ ಪಾತೇಲಿ ಹಿಡ್ಕೊಂಡು ಅತ್ತಾಗಿಂದ ಇತ್ತಾಗ ಓಡ್ಯಾಡ್ತಿದ್ಳು” ಅಂದರು. ಕ್ಲಾಸಿನಲ್ಲಿ ಉಳಿದವರೆಲ್ಲ ಫ್ಲಾಟಿನ ಮಕ್ಕಳು. ದೇಹದ ಮಾತು ಅವರಿಗೆ ಸುಲಭವಾಗಿ ಅರ್ಥವಾಗಿತ್ತು, ಸೋರುವುದು ಅಂದರೇನು ಅಂತ ಮಾತ್ರ ಗೊತ್ತಿರಲಿಲ್ಲ. ಆವತ್ತು ಪಾಠ ಮಾಡಿದ್ದು ಮೇಷ್ಟ್ರೇ. ಈಗ ಮೊದಲು ಹಾಡಿಸುತ್ತೇನೆ, ಆಮೇಲೆ ಅವರನ್ನು ಕೇಳುತ್ತೇನೆ, ನನ್ನ ಮಾತು ಕೊನೆಗೆ.

ಹಾಗಂತ ಯಾರು ಏನು ಬೇಕಾದರೂ ಅರ್ಥ ಮಾಡಿಕೊಳ್ಳಬಹುದಾ? ಕೇಳುವವರಿಗೆ ಪೂರ್ತಿ ಸ್ವಾತಂತ್ರ್ಯ, ಅವರನ್ನು ಯಾರೂ ತಿದ್ದಬೇಕಾಗಿಲ್ಲ. ಆದರೆ ಹಾಡುವವರಿಗೆ ಆ ಸವಲತ್ತಿಲ್ಲ. ವೇದಿಕೆ ಹತ್ತುವವರು ಎಲ್ಲ ಚರಣವನ್ನೂ ಓದಿಕೊಂಡೇ ಹತ್ತಬೇಕು. ಸಮಯ ಸಾಲದು ಅಂತ ಸುಮ್ನೆ ಒಂದು ಚರಣ ಹಾರಿಸುವ ಚಾಳಿ ಇದೆಯಲ್ಲ, ನನಗೆ ಅದರ ಮೇಲೆ ಸಿಟ್ಟಿದೆ. ಹಾರಿಸಿದ ಚರಣದಲ್ಲೇ ಕೂಸು ಇರುತ್ತದೆ.

ಮೊನ್ನೆ ಬ್ಯಾಂಕ್ ಉದ್ಯೋಗಿಯೊಬ್ಬರು, ಐವತ್ತು ದಾಟಿದವರು, ಬೇಂದ್ರೆಯವರ ಅದೇ ಹಾಡು ಕಲಿಯಬೇಕು ಅಂದರು. ಹಿನ್ನೆಲೆ ಗೊತ್ತಾ ಅಂತ ಕೇಳಿದೆ. “ಗೊತ್ತು. ನನಗೆ ಅದು ಬೇರೆ. ಅಮ್ಮನಿಗೆ ಮರೆವಿನ ಕಾಯಿಲೆ. ಊಟ ಕೊಡೋಕೆ ಹೋದ್ರೆ ಯಾರಪ್ಪಾ ಇವನು ಅನ್ನೋ ಹಾಗೆ ನೋಡ್ತಾರೆ” ಅಂದರು.

ತಬಲಾ ಬೇಡ ಅಂದೆ. ಶ್ರುತಿ ಸ್ವಲ್ಪ ಇಳಿಸಿದೆ. ಪಲ್ಲವಿ ಚೆನ್ನಾಗಿಯೇ ಬಂತು. ಎರಡನೇ ಚರಣಕ್ಕೆ ಗಂಟಲು ಕಟ್ಟಿ ನಿಲ್ಲಿಸಿದರು. ಹಾರ್ಮೋನಿಯಂನಲ್ಲಿ ಪಲ್ಲವಿಯನ್ನೇ ಇನ್ನೊಂದು ಸುತ್ತು ನುಡಿಸಿದೆ, ಅವರು ನೀರು ಕುಡಿಯುವವರೆಗೆ.