ಎರಡನೇ ಸಲ ಕೇಳಿದಾಗ ಬರುವ ಉತ್ತರ

ಕ್ಯಾಲಿಫೋರ್ನಿಯಾದ ಊರುಗಳಲ್ಲಿ ಸಮಸಂಖ್ಯೆಯ ವರ್ಷ ಬಂತೆಂದರೆ, ಹೆಚ್ಚುಕಡಿಮೆ ಮಾರ್ಚ್‌ನಿಂದ ಜೂನ್‌ವರೆಗೆ ಮತದಾರರ ಫೋನಿಗೆ ಸಮೀಕ್ಷೆಯ ಸಂದೇಶಗಳು ಬರತೊಡಗುತ್ತವೆ. ರಸ್ತೆ ಹೇಗಿದೆ, ಪೊಲೀಸರು ಕರೆದಾಗ ಬೇಗ ಬರುತ್ತಾರೆಯೇ, ಗ್ರಂಥಾಲಯದ ಸಮಯ ಸಾಕೇ ಎಂದು ವಿಚಾರಿಸುತ್ತಾ ಶುರುವಾಗುವ ಪ್ರಶ್ನಾವಳಿ ಕೆಲವೇ ನಿಮಿಷಗಳಲ್ಲಿ ತೆರಿಗೆಯ ಮಾತಿಗೆ ಬಂದು ನಿಲ್ಲುತ್ತದೆ. ನವೆಂಬರ್ ಮತಪತ್ರದಲ್ಲಿ ತೆರಿಗೆಯ ಪ್ರಸ್ತಾವ ಸೇರಬೇಕೆಂದರೆ ನಗರಾಡಳಿತವು ಚುನಾವಣೆಗೆ 88 ದಿನ ಮೊದಲೇ, ಅಂದರೆ ಆಗಸ್ಟ್ ಆರಂಭದಲ್ಲಿಯೇ, ಅದನ್ನು ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತಕ್ಕೆ, ಸಲ್ಲಿಸಿರಬೇಕು. ಜನ ಒಪ್ಪುವ ಸಂಭವವಿದೆಯೇ ಎಂದು ಅದಕ್ಕೂ ಮುಂಚೆ ಅಳೆದು ಹೇಳುವುದು ನಮ್ಮಂಥ ಸಮೀಕ್ಷಕರ ಕೆಲಸ.

ಬೆಂಗಳೂರಿನಿಂದ ಹೊಸದಾಗಿ ಬಂದವರಿಗೆ ಇದು ವಿಚಿತ್ರವೆನಿಸುತ್ತದೆ. ಅಲ್ಲಿ ಆಸ್ತಿ ತೆರಿಗೆಯ ಪದ್ಧತಿ ಬದಲಾಗಬೇಕಾದರೆ ಕರಡು ಅಧಿಸೂಚನೆ ಹೊರಡುತ್ತದೆ, ಆಕ್ಷೇಪಣೆಗೆ ಒಂದಿಷ್ಟು ದಿನ ಕೊಡುತ್ತಾರೆ, ತೆರಿಗೆಯ ಮೇಲೆ ಯಾರೂ ಮತ ಹಾಕುವುದಿಲ್ಲ. ಇಲ್ಲಿ 1978ರಲ್ಲಿ ಮತದಾರರು ಅಂಗೀಕರಿಸಿದ ಪ್ರೊಪೊಸಿಷನ್ 13 ಎಂಬ ರಾಜ್ಯಮಟ್ಟದ ಪ್ರಸ್ತಾವ ಆಸ್ತಿ ತೆರಿಗೆಯನ್ನು ಮೌಲ್ಯದ 1%ಗೆ ಕಟ್ಟಿಹಾಕಿತು; ಮನೆ ಕೈಬದಲಾಗುವವರೆಗೆ ಆ ಮೌಲ್ಯ ವರ್ಷಕ್ಕೆ 2%ಗಿಂತ ಹೆಚ್ಚು ಏರುವಂತಿಲ್ಲ. 1996ರ ಪ್ರೊಪೊಸಿಷನ್ 218, ಸ್ಥಳೀಯ ತೆರಿಗೆ ಯಾವುದೇ ಇರಲಿ, ಮತದಾರರ ಒಪ್ಪಿಗೆಯಿಲ್ಲದೆ ಹಾಕಬಾರದೆಂಬುದನ್ನು ರಾಜ್ಯದ ಸಂವಿಧಾನದಲ್ಲೇ ಸೇರಿಸಿತು. ಹಾಗಾಗಿ ಖರ್ಚು ಏರಿ ಆದಾಯ ಸಾಲದಾದಾಗ ಊರುಗಳು ಮಾರಾಟ ತೆರಿಗೆಗೆ ಅರ್ಧ ಅಥವಾ ಕಾಲು ಶೇಕಡಾ ಸೇರಿಸಲು ಮತದಾರರ ಬಳಿಗೆ ಹೋಗುತ್ತವೆ.

ಒಪ್ಪಿಗೆಯ ಮಟ್ಟದಲ್ಲಿ ಒಂದು ತೊಡಕಿದೆ. ನಗರಾಡಳಿತವೇ ಮತಕ್ಕಿಡುವ ತೆರಿಗೆಯ ಹಣ ನಗರದ ಸಾಮಾನ್ಯ ಖಾತೆಗೆ ಸೇರುವುದಾದರೆ ಸರಳ ಬಹುಮತ ಸಾಕು; ರಸ್ತೆಗೆ ಮಾತ್ರ, ಅಗ್ನಿಶಾಮಕ ದಳಕ್ಕೆ ಮಾತ್ರ ಎಂದು ಮೀಸಲಿಟ್ಟರೆ ಮೂರನೇ ಎರಡರಷ್ಟು ಮತ ಬೇಕು. ಜನ ಕೇಳುವುದು ಮೀಸಲನ್ನೇ, ಆದರೆ ಗೆಲ್ಲಲು ಸುಲಭವಾದದ್ದು ಮೀಸಲಿಲ್ಲದ ತೆರಿಗೆ. 1996ರಲ್ಲಿ ಸಾಂಟಾ ಕ್ಲಾರಾ ಕೌಂಟಿ ಇದಕ್ಕೊಂದು ಉಪಾಯ ಹುಡುಕಿತು. ಸಾಮಾನ್ಯ ಖಾತೆಗೆ ಹೋಗುವ ಅರ್ಧ ಶೇಕಡಾ ತೆರಿಗೆಯನ್ನು ಒಂದು ಪ್ರಶ್ನೆಯಾಗಿಯೂ, ಹೊಸ ಆದಾಯವೇನಾದರೂ ಬಂದರೆ ಇಂತಿಂಥ ರಸ್ತೆ ಮತ್ತು ಸಾರಿಗೆ ಕಾಮಗಾರಿಗಳಿಗೆ ಬಳಸಿ ಎಂಬ ಬರೀ ಸಲಹೆಯನ್ನು ಇನ್ನೊಂದು ಪ್ರಶ್ನೆಯಾಗಿಯೂ ಮತಪತ್ರದಲ್ಲಿಟ್ಟಿತು. ಎರಡೂ ಗೆದ್ದವು, ತೆರಿಗೆಗೆ ಮೂರನೇ ಎರಡರಷ್ಟು ಮತ ಬರದಿದ್ದರೂ. ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅದೇ ಕೌಂಟಿ 2025ರ ನವೆಂಬರ್‌ನಲ್ಲಿ ಐದು ವರ್ಷಕ್ಕೆಂದು 0.625% ಮಾರಾಟ ತೆರಿಗೆ ಕೇಳಿ ಗೆದ್ದಾಗ ಎಲ್ಲರ ಬಾಯಲ್ಲಿದ್ದದ್ದು ಆಸ್ಪತ್ರೆಗಳ ಮಾತು. ಕಾನೂನಿನ ಪ್ರಕಾರ ಅದೂ ಸಾಮಾನ್ಯ ಖಾತೆಯ ತೆರಿಗೆಯೇ.

ಯಾರನ್ನು ಕೇಳಬೇಕೆಂಬುದು ನಮ್ಮ ಮೊದಲ ತೀರ್ಮಾನ. ಕೌಂಟಿಯ ಮತದಾರರ ಪಟ್ಟಿಯಲ್ಲಿ ಹೆಸರು, ವಿಳಾಸ, ವಯಸ್ಸು, ನೋಂದಾಯಿಸಿದ ಪಕ್ಷ, ಹಿಂದೆ ಯಾವ್ಯಾವ ಚುನಾವಣೆಯಲ್ಲಿ ಮತ ಹಾಕಿದ್ದಾರೆ ಎಂಬುದೆಲ್ಲ ಇರುತ್ತದೆ. ಯಾರಿಗೆ ಹಾಕಿದರು ಎಂಬುದು ಇರುವುದಿಲ್ಲ. ಆ ಇತಿಹಾಸ ನೋಡಿ, ಬರುವ ಚುನಾವಣೆಯಲ್ಲಿ ಮತ ಹಾಕುವ ಸಂಭವವಿರುವವರನ್ನು ಆರಿಸುತ್ತೇವೆ. ಅಧ್ಯಕ್ಷೀಯ ಚುನಾವಣೆಯ ವರ್ಷವಾದರೆ ಬಾಡಿಗೆದಾರರೂ ಯುವಕರೂ ಹೆಚ್ಚು, ಬಿಡಿ ಚುನಾವಣೆಯಾದರೆ ಹಿರಿಯರೂ ಸ್ವಂತ ಮನೆಯವರೂ ಹೆಚ್ಚು, ಆದ್ದರಿಂದ ಒಂದೇ ಊರಿನಲ್ಲಿ ಒಂದೇ ಪ್ರಶ್ನೆಗೆ ಎರಡು ಬೇರೆ ಉತ್ತರಗಳು ಬರುವುದುಂಟು. ಹೀಗೆ ಆರಿಸುವಾಗ ಪೂರ್ತಿ ಹೊರಗುಳಿಯುವವರೆಂದರೆ ಇನ್ನೂ ಪೌರತ್ವ ಸಿಗದವರು. ಸನಿವೇಲ್, ಫ್ರೀಮಾಂಟ್‌ಗಳಲ್ಲಿ ಎಚ್-1ಬಿ ವೀಸಾದ ಮೇಲೆ ವರ್ಷಗಟ್ಟಲೆ ಇದ್ದು, ಮನೆ ಕೊಂಡು, ಅಂಗಡಿಯ ಪ್ರತಿ ಬಿಲ್ಲಿನಲ್ಲೂ ಈ ತೆರಿಗೆ ತೆರುತ್ತಿರುವ ಕನ್ನಡಿಗರು ಆ ಪಟ್ಟಿಯಲ್ಲಿರುವುದಿಲ್ಲ, ನಮ್ಮ ಮಾದರಿಯಲ್ಲೂ ಇರುವುದಿಲ್ಲ. ಫಲಿತಾಂಶವನ್ನು ‘ನಿವಾಸಿಗಳ ಅಭಿಪ್ರಾಯ’ ಎಂದು ಪ್ರಕಟಿಸುವ ಊರುಗಳನ್ನು ಕಂಡಾಗ ನನಗೆ ಕಿರಿಕಿರಿಯಾಗುತ್ತದೆ.

ಇನ್ನು ಪ್ರಶ್ನೆಯ ಮಾತು. ಮತಪತ್ರದಲ್ಲಿ ಪ್ರಸ್ತಾವಕ್ಕೆ ಸಿಗುವುದು 75 ಇಂಗ್ಲಿಷ್ ಪದಗಳು. ಅದರೊಳಗೆ ತೆರಿಗೆಯ ದರ, ವರ್ಷಕ್ಕೆ ಬರುವ ಮೊತ್ತ, ಎಷ್ಟು ಕಾಲ ಇರುತ್ತದೆ ಎಂಬುದನ್ನೂ ಹೇಳಲೇಬೇಕು. ಸಮೀಕ್ಷೆಯಲ್ಲಿ ನಾವು ಓದುವುದೂ ಆ 75 ಪದಗಳನ್ನೇ, ಅಥವಾ ಅದಕ್ಕೆ ಆದಷ್ಟು ಹತ್ತಿರವಾದದ್ದನ್ನು. ‘ಉತ್ತಮ ರಸ್ತೆಗಳಿಗಾಗಿ ಸ್ವಲ್ಪ ಹೆಚ್ಚು ತೆರಿಗೆ ಕೊಡುವಿರಾ’ ಎಂದು ಕೇಳಿದರೆ ಸಿಗುವ ಉತ್ತರ ಯಾವ ಕೆಲಸಕ್ಕೂ ಬಾರದು, ಏಕೆಂದರೆ ಮತಪತ್ರದಲ್ಲಿ ಆ ಪ್ರಶ್ನೆ ಇರುವುದಿಲ್ಲ. ಅವಧಿಯ ವಿಷಯಕ್ಕೆ ಮಾದರಿಯನ್ನು ಎರಡು ಪಾಲು ಮಾಡಿ, ಅರ್ಧ ಜನಕ್ಕೆ ‘ಒಂಬತ್ತು ವರ್ಷಗಳವರೆಗೆ’ ಎಂದೂ ಉಳಿದವರಿಗೆ ‘ಮತದಾರರು ರದ್ದುಪಡಿಸುವವರೆಗೆ’ ಎಂದೂ ಓದಿ ಹೋಲಿಸಿ ನೋಡುತ್ತೇವೆ. ಎರಡನೆಯದಕ್ಕೆ ಕೊನೆಯ ದಿನಾಂಕವೆಂಬುದೇ ಇಲ್ಲ, ಆದರೂ ಕೇಳುವವರಿಗೆ ಕಡಿವಾಣ ತಮ್ಮ ಕೈಯಲ್ಲೇ ಇದ್ದಂತೆ ಅನ್ನಿಸುತ್ತದೆ. ಇನ್ನೊಂದು ಸಾಲು, ‘ದಿನಸಿ ಮತ್ತು ಔಷಧಿಗೆ ಈ ತೆರಿಗೆಯಿಲ್ಲ’ ಎಂಬುದು. ಅದನ್ನು ಓದಿದೊಡನೆ ಬೆಂಬಲ ಏರುತ್ತದೆ. ಆದರೆ ಮನೆಗೆ ಒಯ್ಯುವ ದಿನಸಿಗೆ, ವೈದ್ಯರು ಬರೆದುಕೊಟ್ಟ ಔಷಧಿಗೆ ರಾಜ್ಯದ ಕಾನೂನಿನಲ್ಲೇ ಮಾರಾಟ ತೆರಿಗೆಯಿಲ್ಲ. ನಗರ ತನ್ನ ಕೈಯಿಂದ ಕೊಟ್ಟದ್ದು ಏನೂ ಇಲ್ಲ. ಸಾಲು ಸುಳ್ಳಲ್ಲ, ಹಾಗೆಂದು ಅದನ್ನು ರಿಯಾಯಿತಿಯಂತೆ ಹೇಳುವುದು ನನಗೆ ಒಗ್ಗುವುದಿಲ್ಲ. ಪ್ರಶ್ನಾವಳಿಯಲ್ಲಿ ಇಟ್ಟರೆ ಬೆಂಬಲದ ಪರ ವಾದಗಳ ಸಾಲಿನಲ್ಲಿ ಇಡುತ್ತೇನೆ, ಮೊದಲ ಪ್ರಶ್ನೆಯಲ್ಲಿ ಇಡುವುದಿಲ್ಲ.

ಮೊದಲ ಪ್ರಶ್ನೆಗೆ ಬರುವ ‘ಹೌದು’ ಹೆಚ್ಚಾಗಿ ಸಿಟಿ ಕೌನ್ಸಿಲನ್ನು ಖುಷಿಪಡಿಸುವಂತೆಯೇ ಇರುತ್ತದೆ. ಅದಾದ ಮೇಲೆ ಪರವಾದ ವಾದಗಳನ್ನು ಒಂದೊಂದಾಗಿ ಓದಿ ಮತ್ತೆ ಕೇಳುತ್ತೇವೆ. ಅಂಕಿ ಇನ್ನಷ್ಟು ಏರುತ್ತದೆ. ಸಮೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿಬಿಡುವ ಆಸೆ ಊರಿನವರಿಗೆ ಇದ್ದೇ ಇರುತ್ತದೆ. ಮುಂದಿನ ಹಂತದಲ್ಲಿ ಓದಬೇಕಾದದ್ದು ಎದುರು ಪಕ್ಷ ಹೇಳಬಹುದಾದ ಮಾತುಗಳು: ಈ ಹಣ ನೌಕರರ ಪಿಂಚಣಿಯ ಬಾಕಿಗೆ ಹೋಗುತ್ತದೆ, ಎಲ್ಲದರ ಬೆಲೆಯೂ ಏರಿರುವಾಗ ಇದೂ ಬೇಕೇ, ಗುಂಡಿ ಮುಚ್ಚುತ್ತೇವೆಂಬ ಮಾತಿಗೆ ಬರವಣಿಗೆಯಲ್ಲಿ ಖಾತರಿಯಿಲ್ಲ. ಅವನ್ನು ಮೊಂಡಾಗಿಸದೆ, ಎದುರಾಳಿಯೇ ಬರೆದಷ್ಟು ಹರಿತವಾಗಿ ಓದಬೇಕು. ಒಂದು ಸಂಜೆ ಕರೆಯನ್ನು ಆಲಿಸುತ್ತಿದ್ದಾಗ, ಮೊದಲ ಸುತ್ತಿನಲ್ಲಿ ‘ಖಂಡಿತ ಹೌದು’ ಎಂದಿದ್ದ ಹಿರಿಯ ಮಹಿಳೆಯೊಬ್ಬರು ಪಿಂಚಣಿಯ ವಾಕ್ಯ ಮುಗಿಯುತ್ತಿದ್ದಂತೆ, ‘ತಡೀರಿ, ಹೋದ ಸಲವೂ ರಸ್ತೆಗೆ ಅಂತಲೇ ಕೇಳಿದ್ದರಲ್ಲ, ಆ ದುಡ್ಡು ಎಲ್ಲಿ ಹೋಯಿತು?’ ಎಂದು ಪ್ರಶ್ನಿಸಿದರು. ಉತ್ತರ ಹೇಳುವ ಅಧಿಕಾರ ಸಂದರ್ಶಕನಿಗಿಲ್ಲ. ಅವನು ವಾಕ್ಯವನ್ನು ಇನ್ನೊಮ್ಮೆ ಓದಿದ. ಅವರು ‘ಬಹುಶಃ ಇಲ್ಲ’ ಎಂದು ಬರೆಸಿದರು. ನವೆಂಬರ್‌ನಲ್ಲಿ ಮತಪತ್ರದ ಮುಂದೆ ಕೂರುವುದು ಇಂಥ ಮನಃಸ್ಥಿತಿಯ ಮತದಾರರೇ ಆದ್ದರಿಂದ, ಎಲ್ಲ ವಾದಗಳೂ ಮುಗಿದ ಮೇಲೆ ಬಂದ ಅಂಕಿಯನ್ನೇ ನಾನು ವರದಿಯ ಮೊದಲ ಪುಟದಲ್ಲಿ ಹಾಕುವುದು.

ಅಂಕಿಯನ್ನು ಓದುವುದರಲ್ಲೂ ಜಾಗ್ರತೆ ಬೇಕು. 600 ಜನರ ಮಾದರಿಯಲ್ಲಿ ಸುಮಾರು 4 ಶೇಕಡಾ ಅಂಶ ಆಚೀಚೆ ಆಗಬಹುದು, ಎರಡು ಪಾಲಾದ 300ರಲ್ಲಿ ಅದು 5.7ರ ಹತ್ತಿರ. ಮೂರನೇ ಎರಡರಷ್ಟು, ಅಂದರೆ 66.7% ಬೇಕಾದ ತೆರಿಗೆಗೆ ಸಮೀಕ್ಷೆಯಲ್ಲಿ 69% ಬಂದರೆ ಅದನ್ನು ಗೆಲುವೆಂದು ಕರೆಯಲಾಗದು. ಒಟ್ಟು ಮೊತ್ತಕ್ಕಿಂತ ನಾನು ಮೊದಲು ನೋಡುವುದು ‘ಖಂಡಿತ ಹೌದು’ ಎಂದವರ ಪಾಲನ್ನು. ‘ಬಹುಶಃ ಹೌದು’, ‘ಹೌದಿನ ಕಡೆಗೆ ಒಲವು’ ಎಂದವರು ಮೊದಲ ಎದುರು ಕರಪತ್ರಕ್ಕೇ ಕದಲುತ್ತಾರೆ.

ಈ ಸಮೀಕ್ಷೆಗಳ ಖರ್ಚು ನಗರದ ಖಜಾನೆಯದು. ಸಾರ್ವಜನಿಕ ಹಣವನ್ನು ಮತಯಾಚನೆಗೆ ಬಳಸಬಾರದೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಸ್ಟ್ಯಾನ್ಸನ್ ಪ್ರಕರಣದಲ್ಲಿ ಹೇಳಿತು. ನಿಷ್ಪಕ್ಷಪಾತ ಮಾಹಿತಿ ಕೊಡುವುದಕ್ಕೆ ಅಡ್ಡಿಯಿಲ್ಲ. ಸಮೀಕ್ಷೆ ಮಾಡಿಸುವುದನ್ನು ಆ ಗೆರೆಯ ಈಚೆಗೆ ಎಂದೇ ಪರಿಗಣಿಸುತ್ತಾರಾದರೂ, ಯಾವ ವಾದಕ್ಕೆ ಹೆಚ್ಚು ಬೆಂಬಲ ಬಂತೋ ಅದೇ ಪದಗಳು ಮುಂದಿನ ತಿಂಗಳು ನಗರದ ‘ಮಾಹಿತಿ ಪತ್ರ’ವಾಗಿ ಮನೆಮನೆಯ ಟಪಾಲು ಪೆಟ್ಟಿಗೆಗೆ ಬಿದ್ದಾಗ ಗೆರೆ ಬಹಳ ತೆಳುವಾಗುತ್ತದೆ. ಫಲಿತಾಂಶವನ್ನು ಸಾಮಾನ್ಯವಾಗಿ ಕೌನ್ಸಿಲ್ ಸಭೆಯ ಕಾರ್ಯಸೂಚಿಯ ಜೊತೆಗೆ ನಗರದ ಜಾಲತಾಣದಲ್ಲಿ ಹಾಕಿರುತ್ತಾರೆ. ಬಣ್ಣದ ಚಿತ್ರಗಳ ಸಾರಾಂಶವನ್ನು ಬಿಟ್ಟು, ಪ್ರಶ್ನೆಗಳನ್ನು ಕೇಳಿದ ಕ್ರಮದಲ್ಲೇ ಪಟ್ಟಿ ಮಾಡಿರುವ ಪುಟಗಳನ್ನು ತೆರೆಯಿರಿ. ಎದುರು ವಾದಗಳನ್ನು ಓದಿದ ಮೇಲೆ ಮತ್ತೊಮ್ಮೆ ಕೇಳಿದ್ದಾರೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಕೇಳಿಲ್ಲದಿದ್ದರೆ ಕೌನ್ಸಿಲ್ ಸಭೆಯ ಸಾರ್ವಜನಿಕ ಅಹವಾಲಿನ ಸಮಯದಲ್ಲಿ ಆ ಪ್ರಶ್ನೆ ಎತ್ತಬಹುದು. ಅಲ್ಲಿ ಮಾತನಾಡಲು ಮತದಾರರ ಪಟ್ಟಿಯಲ್ಲಿ ಹೆಸರಿರಬೇಕೆಂಬ ನಿಯಮವಿಲ್ಲ, ವೀಸಾದ ಮೇಲಿರುವವರೂ ಎದ್ದುನಿಂತು ಕೇಳಬಹುದು.