ಬಾಡಿಗೆ ಫ್ಲಾಟಿನಲ್ಲಿ ನೀರು ಸೋರಿದರೆ ಖರ್ಚು ಯಾರದು?

ಬಾಡಿಗೆ ಮನೆಯ ತಕರಾರು ಹೊತ್ತು ಬೆಂಗಳೂರಿನ ನನ್ನ ಕಚೇರಿಗೆ ಬರುವವರಲ್ಲಿ ಹೆಚ್ಚಿನವರ ದೂರು ಒಂದೇ: ಮನೆ ಬಿಡುವಾಗ ಮಾಲೀಕರು ಅಡ್ವಾನ್ಸಿನಲ್ಲಿ ಹಣ ಹಿಡಿದುಕೊಂಡರು ಎಂಬುದು. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಈ ಊರಿನ ರೂಢಿಯಾಗಿಬಿಟ್ಟಿರುವುದರಿಂದ ಅದಕ್ಕಾಗಿ ವಕೀಲರ ತನಕ ಬರುವವರು ಕಡಿಮೆ. ಹಿಡಿದ ಮೊತ್ತ ದೊಡ್ಡದಾಗಿದ್ದರೆ ಅದರ ಹಿಂದೆ ಸಾಮಾನ್ಯವಾಗಿ ನೀರು ಇರುತ್ತದೆ; ಉಬ್ಬಿದ ವಾರ್ಡ್‌ರೋಬ್, ಬೂಷ್ಟು ಹಿಡಿದ ಗೋಡೆ, ಇಲ್ಲವೇ ಕೆಳಗಿನ ಮನೆಯವರ ಕಳಚಿಬಿದ್ದ ಸೀಲಿಂಗ್.

ಕೆಲ ವರ್ಷಗಳ ಹಿಂದೆ ಮೂರನೇ ಮಹಡಿಯ ಬಾಡಿಗೆದಾರರೊಬ್ಬರು ಬಂದಿದ್ದರು. ಬಚ್ಚಲಿಗೆ ಅಂಟಿಕೊಂಡ ಮಲಗುವ ಕೋಣೆಯ ಗೋಡೆಯಲ್ಲಿ ಬಣ್ಣ ಗುಳ್ಳೆಯೆದ್ದಾಗಲೇ ಅವರು ಮಾಲೀಕರಿಗೆ ಫೋನ್ ಮಾಡಿದ್ದರು. ‘ಮಳೆಗಾಲ ಮುಗೀಲಿ ಸಾರ್, ನೋಡೋಣ’ ಎಂಬ ಉತ್ತರ ಬಂದಿತ್ತು. ಮಳೆಗಾಲ ಮುಗಿದರೂ ಯಾರೂ ಬಂದು ನೋಡಲಿಲ್ಲ. ಮನೆ ಖಾಲಿ ಮಾಡುವ ಹೊತ್ತಿಗೆ ಕೆಳಗಿನ ಫ್ಲಾಟಿನ ಸೀಲಿಂಗ್ ಕೂಡ ಹಾಳಾಗಿ, ಎರಡೂ ಮನೆಗಳ ರಿಪೇರಿಯ ಅಂದಾಜು ಇವರ ಅಡ್ವಾನ್ಸಿನ ಮೇಲೆ ಬಿದ್ದಿತ್ತು.

ಇಂಥ ಪ್ರಕರಣಕ್ಕೆ ಅನ್ವಯಿಸುವುದು ಬಾಡಿಗೆ ಕಾಯಿದೆಯೆಂದು ಹಲವರು ತಿಳಿದಿರುತ್ತಾರೆ. ಆದರೆ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ; ಇಂದು ಆ ಬಾಡಿಗೆಗೆ ಫ್ಲಾಟ್ ಎಲ್ಲಿ ಸಿಕ್ಕೀತು? ಆದ್ದರಿಂದ ನಾವು ತಿರುಗಿ ನೋಡಬೇಕಾದದ್ದು ಎರಡು ಕಡೆ: ಮೊದಲು ಬಾಡಿಗೆ ಕರಾರು, ಕರಾರು ಮೌನವಾಗಿರುವಲ್ಲಿ ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 108ನೇ ಕಲಂ.

ಆ ಕಲಂ ಬಾಡಿಗೆದಾರನಿಗೆ ಹೇಳುವುದು ಸ್ಪಷ್ಟವಾಗಿದೆ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಸಹಜ ಸವೆತ ಮತ್ತು ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗಳಿಗೆ ಮಾತ್ರ ವಿನಾಯಿತಿ. ಅವನ ಅಥವಾ ಅವನ ಕೆಲಸದವರ ತಪ್ಪಿನಿಂದ ಆದ ದೋಷವನ್ನು, ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಅವನೇ ಸರಿಪಡಿಸಬೇಕು. ಮಾಲೀಕನ ವಿಷಯಕ್ಕೆ ಬಂದರೆ, ತನಗೆ ಗೊತ್ತಿದ್ದು ಬಾಡಿಗೆದಾರ ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ಅವನು ಮೊದಲೇ ತಿಳಿಸಬೇಕು. ಹೊಸದಾಗಿ ಬಳಿದ ಡಿಸ್ಟೆಂಪರ್‌ನ ಅಡಿಯಲ್ಲಿ ಹಳೆಯ ಸೋರಿಕೆಯನ್ನು ಮುಚ್ಚಿ ಮನೆ ತೋರಿಸುವವರು ಈ ಮಾತನ್ನು ಗಮನಿಸಬೇಕು.

ಜನ ಎಡವುವುದು ಮುಂದಿನ ಮಾತಿನಲ್ಲಿ. ಮಾಲೀಕ ‘ಮಾಡಲು ಬದ್ಧನಾಗಿರುವ’ ರಿಪೇರಿಯನ್ನು ತಿಳಿಸಿದ ಮೇಲೂ ಯುಕ್ತ ಅವಧಿಯಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆಯಬಹುದು ಎಂದು ಕಾಯಿದೆ ಹೇಳುತ್ತದೆ. ಆದರೆ ಯಾವ ರಿಪೇರಿಗೆ ಅವನು ಬದ್ಧ ಎಂಬುದನ್ನು ಕಾಯಿದೆ ಪಟ್ಟಿ ಮಾಡುವುದಿಲ್ಲ. ಅದನ್ನು ಕರಾರಿನಿಂದ ಅಥವಾ ಸ್ಥಳೀಯ ರೂಢಿಯಿಂದ ತೋರಿಸಬೇಕಾಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಹನ್ನೊಂದು ತಿಂಗಳ ಕರಾರಿನಲ್ಲಿ ಬಣ್ಣ, ಮೊಳೆ, ಸಾಕುಪ್ರಾಣಿಯ ಬಗ್ಗೆ ಷರತ್ತುಗಳಿರುತ್ತವೆ, ಪೈಪಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆಯ ಅನುಸೂಚಿ ಇಲ್ಲಿ ನೆರವಿಗೆ ಬರುತ್ತದೆ. ಕಟ್ಟಡದ ರಚನೆಯ ದುರಸ್ತಿ, ಪೈಪ್ ಬದಲಾವಣೆ ಮಾಲೀಕನಿಗೆ. ನಲ್ಲಿ, ವಾಷರ್, ವಾಶ್‌ಬೇಸಿನ್, ಕಮೋಡ್, ಗೀಸರ್‌ಗಳ ರಿಪೇರಿ ಮತ್ತು ಡ್ರೈನ್ ಶುಚಿ ಬಾಡಿಗೆದಾರನಿಗೆ ಎಂದು ಅದು ಹಂಚಿದೆ. ಅದು ಮಾದರಿ ಮಾತ್ರ. ರಾಜ್ಯ ತನ್ನ ಶಾಸನದಿಂದ ಅಳವಡಿಸಿಕೊಳ್ಳದೆ ಯಾರನ್ನೂ ಬಂಧಿಸುವುದಿಲ್ಲ. ಆದರೆ ಅದೇ ಹಂಚಿಕೆಯನ್ನು ಕರಾರಿನಲ್ಲಿ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ, ನಾನು ಸಿದ್ಧಪಡಿಸುವ ಕರಾರುಗಳಲ್ಲಿ ಬರೆಯುತ್ತೇನೆ.

ಕಾನೂನಿಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು ನೀರಿನ ಮೂಲ. ಸ್ನಾನ ಮಾಡಿದಾಗ ಮಾತ್ರ ತೇವ ಹೆಚ್ಚುತ್ತಿದ್ದರೆ ನೆಲದ ಟೈಲ್ ಸಂದು, ನಹಾನಿ ಟ್ರ್ಯಾಪ್ (ಬಚ್ಚಲ ನೀರು ಹೊರಹೋಗುವ ಜಾಲಿಯ ಕೆಳಗಿನ ಭಾಗ) ಅಥವಾ ವಾಟರ್‌ಪ್ರೂಫಿಂಗ್ ಮೇಲೆ ಅನುಮಾನ. ಬಳಕೆಗೆ ಸಂಬಂಧವಿಲ್ಲದೆ ಹಗಲೂ ರಾತ್ರಿ ಜಿನುಗುತ್ತಿದ್ದರೆ ಗೋಡೆಯೊಳಗಿನ ಪೈಪಿನ ಮೇಲೆ. ಮಳೆ ಬಂದಾಗ ಮಾತ್ರ ಆದರೆ ತಾರಸಿ ಅಥವಾ ಹೊರಗೋಡೆಯ ಮೇಲೆ. ಇವೆಲ್ಲ ಬಾಡಿಗೆದಾರನ ಕೈಮೀರಿದವು. ಮತ್ತೊಂದು ಬಗೆಯದು ಅವನದೇ: ನೀರು ಬಾರದ ಹೊತ್ತಿನಲ್ಲಿ ತಿರುಗಿಸಿ ಮರೆತ ನಲ್ಲಿ, ವಾಷಿಂಗ್ ಮೆಷಿನ್ನಿನ ಕಳಚಿದ ಪೈಪ್, ತಾನೇ ಕರೆಸಿ ಹಾಕಿಸಿದ ಫಿಲ್ಟರಿನ ಸಡಿಲ ಜಾಯಿಂಟ್. ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನವರು ಹಗಲು ನೀರು ನಿಲ್ಲಿಸಿ ಸಂಜೆ ಬಿಟ್ಟ ಮೇಲೆ, ಬೀಗ ಹಾಕಿದ ಮನೆಯೊಳಗಿನಿಂದ ನೀರು ಮೆಟ್ಟಿಲಿಳಿದು ಬಂದ ಕಥೆ ಈ ಊರಿನ ಪ್ರತಿ ಅಸೋಸಿಯೇಷನ್‌ನಲ್ಲೂ ಒಂದಾದರೂ ಇದ್ದೀತು.

ಕೆಳಗಿನ ಮನೆಯವರಿಗೂ ಮೇಲಿನ ಬಾಡಿಗೆದಾರನಿಗೂ ನಡುವೆ ಕರಾರೇನೂ ಇಲ್ಲ. ಅಲ್ಲಿ ಹೊಣೆ ನಿರ್ಧಾರವಾಗುವುದು ಯಾರ ನಿರ್ಲಕ್ಷ್ಯದಿಂದ ಹಾನಿಯಾಯಿತು ಎಂಬುದರ ಮೇಲೆ. ನಲ್ಲಿ ಮರೆತವನು ಅವನಾದರೆ ಅವನೇ ಕೊಡಬೇಕು. ಹುದುಗಿದ ಪೈಪಿನ ಬಗ್ಗೆ ತಿಳಿದೂ ಸುಮ್ಮನಿದ್ದವರು ಮಾಲೀಕರಾದರೆ ಅವರು. ತಾರಸಿ, ಮುಖ್ಯ ಗೋಡೆ, ನೀರಿನ ಟ್ಯಾಂಕುಗಳು ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972ರ ಪ್ರಕಾರ ಸಾಮಾನ್ಯ ಭಾಗಗಳು, ಅವುಗಳ ದುರಸ್ತಿ ಅಸೋಸಿಯೇಷನ್‌ನದು. ಸ್ವಾಧೀನ ಕೊಟ್ಟು ಐದು ವರ್ಷ ಕಳೆಯದ ಹೊಸ ಕಟ್ಟಡದಲ್ಲಿ ರಚನೆಯ ಅಥವಾ ಕಾಮಗಾರಿಯ ದೋಷ ಕಂಡರೆ, ತಿಳಿಸಿದ 30 ದಿನಗಳೊಳಗೆ ಬಿಲ್ಡರ್ ಉಚಿತವಾಗಿ ಸರಿಪಡಿಸಬೇಕೆಂದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯಿದೆಯ 14ನೇ ಕಲಂ ಹೇಳುತ್ತದೆ. ಅದನ್ನು ಕೇಳಬೇಕಾದವರು ಮಾಲೀಕರು, ಬಾಡಿಗೆದಾರನ ಮೇಲೆ ಆ ಖರ್ಚು ಹಾಕುವವರಿಗೆ ಇದು ಮರೆತುಹೋಗಿರುತ್ತದೆ.

ಬಾಡಿಗೆದಾರರು ಸಿಟ್ಟಿನಲ್ಲಿ ಬಾಡಿಗೆ ಕಟ್ಟುವುದನ್ನೇ ನಿಲ್ಲಿಸುತ್ತಾರೆ. ಇದು ಕೆಟ್ಟ ಸಲಹೆಯ ಫಲ. ಸೋರಿಕೆಯ ಮೊಕದ್ದಮೆ ಬಾಕಿಯ ಮೊಕದ್ದಮೆಯಾಗಿ ಬದಲಾಗುತ್ತದೆ. ಸೋರಿಕೆ ಕಂಡ ದಿನವೇ ವಾಟ್ಸ್ಆ್ಯಪ್‌ನಲ್ಲೋ ಇಮೇಲಿನಲ್ಲೋ ಫೋಟೋ ಸಮೇತ ತಿಳಿಸಿ, ಪ್ಲಂಬರ್ ಬಂದರೆ ಅವನಿಂದ ಎರಡು ಸಾಲು ಬರೆಸಿಕೊಳ್ಳಬೇಕು. ಆ ಮೊಬೈಲನ್ನು ಜೋಪಾನ ಮಾಡಬೇಕು. ಮುಂದೆ ನ್ಯಾಯಾಲಯದಲ್ಲಿ ಆ ಸಂದೇಶಗಳ ಪ್ರತಿಗಳನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ತಿಳಿಸಿದ ಮೇಲೆ ತನ್ನ ಸಾಮಾನನ್ನು ಗೋಡೆಯಿಂದ ಸರಿಸುವುದು ಬಾಡಿಗೆದಾರನ ಜವಾಬ್ದಾರಿಯೇ. ತಪ್ಪಿಸಬಹುದಾಗಿದ್ದ ನಷ್ಟಕ್ಕೆ ಪರಿಹಾರ ಸಿಗುವುದು ಕಷ್ಟ.

ಮೂರನೇ ಮಹಡಿಯವರ ಬಳಿ ಇದ್ದದ್ದು ಫೋನ್ ಕರೆಗಳು ಮಾತ್ರ, ಮಾಲೀಕರು ಅವನ್ನು ಒಪ್ಪಲಿಲ್ಲ. ಕೊನೆಗೆ ಉಪಯೋಗಕ್ಕೆ ಬಂದದ್ದು ಅಸೋಸಿಯೇಷನ್ ಕಚೇರಿಯ ದೂರು ಪುಸ್ತಕ. ಒಂಬತ್ತು ತಿಂಗಳ ಹಿಂದಿನ ದಿನಾಂಕದಡಿ ಅವರ ಪತ್ನಿ ಫ್ಲಾಟ್ ನಂಬರ್ ಬರೆದು ‘ಬೆಡ್‌ರೂಮ್ ಗೋಡೆ ತೇವ, ಓನರ್‌ಗೆ ಹೇಳಿದೆ’ ಎಂದು ದಾಖಲಿಸಿದ್ದರು. ಟೈಲ್ ಒಡೆಸಿ ನೋಡಿದಾಗ ಗೋಡೆಯೊಳಗಿನ ಪೈಪಿನ ಎಲ್ಬೋ, ಅಂದರೆ ತಿರುವಿನ ಜಾಯಿಂಟ್, ಬಿರುಕು ಬಿಟ್ಟಿತ್ತು. ಎರಡು ನಲ್ಲಿಗಳ ಬೆಲೆ ಕಳೆದು ಉಳಿದ ಅಡ್ವಾನ್ಸನ್ನು ಮಾಲೀಕರು ಮೊಕದ್ದಮೆಗೆ ಹೋಗದೆಯೇ ಹಿಂದಿರುಗಿಸಿದರು.